ಯಂತ್ರವೂ ಅದರ ದುಭಾಷಿಯೂ

ಹಣ ಕೊಟ್ಟು ಕೊಂಡ ಯಂತ್ರಕ್ಕೆ ನಿಜವಾದ ಒಡೆಯರು ಯಾರು? ಗಣಕಯಂತ್ರದ ಮಟ್ಟಿಗೆ ಇದು ವಿನೋದದ ಪ್ರಶ್ನೆಯಲ್ಲ. 1980ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯ ಪ್ರಯೋಗಾಲಯವೊಂದಕ್ಕೆ ಹೊಸ ಲೇಸರ್ ಮುದ್ರಣಯಂತ್ರ ಬಂದಿತು. ಹಳೆಯದರಲ್ಲಿ ಕಾಗದ ಸಿಕ್ಕಿಕೊಂಡರೆ ಕಾದಿರುವವರಿಗೆ ಸುದ್ದಿ ಮುಟ್ಟುವಂತೆ ರಿಚರ್ಡ್ ಸ್ಟಾಲ್‌ಮನ್ ಏರ್ಪಾಟು ಮಾಡಿದ್ದರು. ಹೊಸದಕ್ಕೂ ಹಾಗೆಯೇ ಮಾಡಹೊರಟಾಗ, ಅದನ್ನು ನಡೆಸುವ ತಂತ್ರಾಂಶದ ಮೂಲಪಾಠ ಅವರಿಗೆ ದೊರೆಯಲಿಲ್ಲ. ಈ ಅನುಭವವೂ ಸೇರಿ, 1983ರಲ್ಲಿ ಅವರು 'ಗ್ನೂ' ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ 'ಲಿನಕ್ಸ್' ಎಂಬ ಕರ್ನೆಲ್, ಎಂದರೆ ತಿರುಳು, ಅದರೊಡನೆ ಕೂಡಿ ಒಂದು ಮುಕ್ತ ಕಾರ್ಯಾಚರಣ ವ್ಯವಸ್ಥೆ ಸಿದ್ಧವಾಯಿತು.

ಈ ತಿರುಳಿಗೂ ಮುದ್ರಕ, ಧ್ವನಿಫಲಕ, ವೈ-ಫೈ ಮೊದಲಾದ ಉಪಕರಣಗಳಿಗೂ ನಡುವೆ ಮಾತುಕತೆ ನಡೆಯಬೇಕಷ್ಟೆ. ಅದಕ್ಕೊಂದು ದುಭಾಷಿ ಬೇಕು, ಅದೇ ಡ್ರೈವರ್. ತಯಾರಕರಲ್ಲಿ ಅನೇಕರು ಈ ದುಭಾಷಿಯನ್ನು ವಿಂಡೋಸ್‌ಗೆ ಮಾತ್ರ ಒದಗಿಸಿ, ಉಪಕರಣದ ಒಳಮರ್ಮವನ್ನು ಗುಟ್ಟಾಗಿರಿಸಿದರು. ಆಗ ಲಿನಕ್ಸ್ ಬಳಗದವರು ಉಪಕರಣದ ನಡೆಯನ್ನು ಹೊರಗಿನಿಂದ ಗಮನಿಸಿ, ಅದರ ಭಾಷೆಯನ್ನು ಊಹಿಸಿ ಬರೆಯಬೇಕಾಯಿತು. ಎನ್ವಿಡಿಯಾ ಚಿತ್ರಫಲಕಗಳಿಗಾಗಿ 'ನೂವೋ' ಎಂಬ ಡ್ರೈವರ್ ಹುಟ್ಟಿದ್ದು ಹೀಗೆ. ಆ ಕಂಪೆನಿ ತನ್ನ ಡ್ರೈವರಿನ ಕರ್ನೆಲ್ ಭಾಗವನ್ನು ಮುಕ್ತಗೊಳಿಸಿದ್ದು 2022ರಲ್ಲಿ.

ಇನ್ನು ವಿಶ್ವಾಸಾರ್ಹತೆಯ ಮಾತು. ಲಿನಕ್ಸ್‌ನಲ್ಲಿ ಬಹುಪಾಲು ಡ್ರೈವರುಗಳು ಕರ್ನೆಲಿನ ಒಳಗೇ ಓಡುತ್ತವೆ. ಆದ್ದರಿಂದ ಒಂದು ಕೆಟ್ಟ ಡ್ರೈವರ್ ಇಡೀ ಯಂತ್ರವನ್ನೇ ನಿಲ್ಲಿಸಬಲ್ಲದು. ಆದರೆ ಡ್ರೈವರಿನ ಮೂಲಪಾಠವೂ ಕರ್ನೆಲಿನೊಡನೆ ಒಂದೇ ಭಂಡಾರದಲ್ಲಿದ್ದರೆ, ಒಳಗಿನ ಕಟ್ಟಡವನ್ನು ಬದಲಿಸುವವರೇ ಡ್ರೈವರನ್ನೂ ತಿದ್ದಿಕೊಡುತ್ತಾರೆ. ತಯಾರಕರು ಮರೆತ ಎಷ್ಟೋ ಹಳೆಯ ಉಪಕರಣಗಳು ಲಿನಕ್ಸ್‌ನಲ್ಲಿ ಇಂದಿಗೂ ದುಡಿಯುತ್ತಿರುವುದಕ್ಕೆ ಇದೇ ಕಾರಣ. ಭಂಡಾರದ ಹೊರಗುಳಿದ ಗುಟ್ಟಿನ ಡ್ರೈವರು ಕರ್ನೆಲ್ ಹೊಸದಾದಾಗ ಮುರಿದುಬೀಳಬಹುದು. ಹಾಗೆಂದು ಈ ಆಶ್ರಯ ಶಾಶ್ವತವೂ ಅಲ್ಲ: ಲಿನಕ್ಸ್ ಹುಟ್ಟಿದ್ದು ಇಂಟೆಲ್ 386 ಸಂಸ್ಕಾರಕದ ಮೇಲೆ, ಅದರ ಬೆಂಬಲವನ್ನೇ 2012ರ ಕೊನೆಯಲ್ಲಿ ಕೈಬಿಡಲಾಯಿತು.

ಈ ವಿಚಾರ ಈಗ ಶ್ರೀಸಾಮಾನ್ಯರ ಮನೆಬಾಗಿಲಿಗೂ ಬಂದಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಆದರೋ, ಟಿ.ಪಿ.ಎಂ. 2.0 ಎಂಬ ಭದ್ರತಾ ಸಾಧನವನ್ನೂ ಹೊಸ ಸಂಸ್ಕಾರಕವನ್ನೂ ಬೇಡುತ್ತದೆ. ಮೈಯಲ್ಲಿ ಕಸುವಿರುವ ಅನೇಕ ಯಂತ್ರಗಳು ಇದರಿಂದ ಗುಜರಿಯ ದಾರಿ ಹಿಡಿಯುವಂತಾಗಿದೆ. ಸೀಮಿತ ಹಣದ ಶಾಲೆ, ವಾಚನಾಲಯಗಳಿಗೆ ಇದು ಸಣ್ಣ ಹೊರೆಯಲ್ಲ.

ಅಂಥ ಯಂತ್ರಕ್ಕೆ ಲಿನಕ್ಸ್ ಒಗ್ಗುವುದೇ ಎಂಬುದನ್ನು ತಿಳಿಯಲು ಸುಲಭೋಪಾಯವಿದೆ. ಉಬುಂಟು, ಮಿಂಟ್, ಡೆಬಿಯನ್ ಮೊದಲಾದ ವಿತರಣೆಗಳನ್ನು ಪೆನ್‌ಡ್ರೈವಿನಿಂದಲೇ ನಡೆಸಬಹುದು. ಒಳಗಿನ ಡಿಸ್ಕನ್ನು ಮುಟ್ಟಬೇಕಿಲ್ಲ. ವೈ-ಫೈ ಕೂಡಿಕೊಳ್ಳುವುದೇ, ಧ್ವನಿ ಬರುವುದೇ, ಮುದ್ರಕ ಓಗೊಡುವುದೇ, ನಿದ್ರೆಗೆ ಹೋದ ಯಂತ್ರ ಸರಿಯಾಗಿ ಎಚ್ಚರಗೊಳ್ಳುವುದೇ ಎಂದು ಒಂದೊಂದಾಗಿ ಪರೀಕ್ಷಿಸಬೇಕು. ಬೆರಳಚ್ಚು ಗುರುತಿಸುವ ಸಾಧನದಂಥವು ಕೆಲವೊಮ್ಮೆ ಮೊಂಡು ಹಿಡಿಯುವುದುಂಟು. ವೈ-ಫೈಗೆ ಬೇಕಾಗುವ, ಮೂಲಪಾಠ ಬಯಲಾಗದ ಫರ್ಮ್‌ವೇರನ್ನು ಡೆಬಿಯನ್ ಬಳಗ, ತಾತ್ತ್ವಿಕ ಚರ್ಚೆಯ ಬಳಿಕ 2022ರಲ್ಲಿ ಮತ ಹಾಕಿ, 2023ರ ತನ್ನ 12ನೆಯ ಆವೃತ್ತಿಯ ಅಧಿಕೃತ ಸ್ಥಾಪಕದಲ್ಲಿ ಸೇರಿಸಿಕೊಂಡಿತು.

ಮುಕ್ತ ವ್ಯವಸ್ಥೆ ಕೆಡುವುದೇ ಇಲ್ಲವೆಂದು ಯಾರೂ ಹೇಳರು. ಕೆಟ್ಟಾಗ ತಿದ್ದುವ ಹಕ್ಕು ತಯಾರಕನೊಬ್ಬನದೇ ಆಗಿ ಉಳಿಯದು ಎಂಬುದೇ ಅದು ಕೊಡುವ ಭರವಸೆ.