‘ಕಾಯಕವೇ ಕೈಲಾಸ’: ಯಾರು ಹೇಳಿದ್ದು, ಯಾರಿಗೆ ಹೇಳಿದ್ದು?

ನಂದಿಗುಡಿಯಿಂದ ಮಾತಾಡ್ತಿದೀನಿ. ಬಾಯಿಂದ ಬಾಯಿಗೆ ಹೋಗ್ತಾ ಮಾತಿನ ಅರ್ಥ ಹೆಂಗೆ ಬದಲಾಗುತ್ತೆ ಅನ್ನೋದಕ್ಕೆ ಇವತ್ತು ಒಂದೇ ಉದಾಹರಣೆ: ಕಾಯಕವೇ ಕೈಲಾಸ.

ನಮ್ಮ ಕಡೆ ಈ ಮಾತು ಎಲ್ಲಿಲ್ಲ ಹೇಳ್ರಿ? ಟ್ರ್ಯಾಕ್ಟರ್ ಹಿಂದೆ ಐತಿ, ಅಂಗಡಿ ಗಲ್ಲಾದ ಮೇಲೆ ಐತಿ, ಆಫೀಸಿನ ಗೋಡೆ ಮೇಲೂ ಐತಿ. ಬಹಳ ಜನ ಇದನ್ನ ಬಸವಣ್ಣನ ಮಾತು ಅಂತಾರೆ. ಆದರೆ ಇದು ಬರೋದು 12ನೇ ಶತಮಾನದ ಇನ್ನೊಬ್ಬ ಶರಣ, ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ಮಾಡೋದು ಅವನ ಕಾಯಕ. ಕೆಲಸದಲ್ಲಿ ಮುಳುಗಿದಾಗ ಗುರು ಬಂದರೂ ಮರೀಬೇಕು, ಲಿಂಗಪೂಜೆಯನ್ನೂ ಮರೀಬೇಕು ಅನ್ನೋದು ಆ ವಚನದ ಸಾರ. ಅಂದರೆ ಈ ಮಾತು ಹೇಳಿದವನು ಮಾಲೀಕ ಅಲ್ಲ, ದುಡಿಯೋನು. ನನ್ನ ದುಡಿಮೆ ಯಾವ ಪೂಜೆಗೂ ಕಡಿಮೆ ಇಲ್ಲ ಅಂತ ತಲೆ ಎತ್ತಿ ಹೇಳಿದ ಮಾತು.

ಇದಕ್ಕೊಂದು ಮಿತಿನೂ ಇತ್ತು. ಒಂದಿನ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಒಳಗೆ ಇಟ್ಕೊಳ್ಳಲಿಲ್ಲ. ಆಸೆ ಅರಸರಿಗೆ ಇರಬಹುದು, ನಮಗ್ಯಾಕೆ, ಹೆಚ್ಚಿನದನ್ನ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸಿದಳು.

ಈಗ ಈ ಮಾತನ್ನ ಯಾರು, ಯಾರಿಗೆ ಹೇಳ್ತಾರೆ ನೋಡ್ರಿ. ಬಿ.ಕಾಂ ಮುಗಿಸಿ ನಾನು ದಾವಣಗೆರೆಯಲ್ಲಿ ಲೆಕ್ಕ ಬರೆಯೋ ಕೆಲಸಕ್ಕೆ ಸೇರಿದ್ದೆ. ಮಾರ್ಚ್ ಬಂದರೆ ರಾತ್ರಿ ಹತ್ತರ ತನಕ ಕೂರಬೇಕು. ಹೆಚ್ಚಿನ ಹೊತ್ತಿಗೆ ರೊಕ್ಕ ಕೇಳಿದರೆ ಬಂದ ಉತ್ತರ: “ಕಾಯಕವೇ ಕೈಲಾಸ, ತಮ್ಮಾ.” ಪದ ಅವೇ, ದಿಕ್ಕು ಮಾತ್ರ ತಿರುಗೈತಿ. ದುಡಿಯೋನು ತನ್ನ ಬೆಲೆ ಹೇಳ್ಕೊಂಡ ಮಾತು, ದುಡಿಸೋರು ಅವನ ಬಾಯಿ ಮುಚ್ಚಿಸೋ ಮಾತಾಯ್ತು.

‘ಕಾಯಕ’ ಅನ್ನೋ ಪದಾನೂ ಸವೆದೈತಿ. ‘ಟೀಕೆ ಮಾಡೋದೇ ಇವರ ಕಾಯಕ’ ಅಂತ ರಾಜಕಾರಣಿಗಳು ಒಬ್ಬರಿಗೊಬ್ಬರು ಬೈತಾರಲ್ಲ, ಅಲ್ಲಿ ಅದರ ಅರ್ಥ ಬರೀ ಚಟ!

ಅರ್ಥ ಬದಲಾಗೋದು ಭಾಷೆಯ ಸಹಜ ಗುಣ, ಅದನ್ನ ತಡೆಯೋಕೆ ಆಗಲ್ಲ. ಆದರೆ ಇಲ್ಲಿ ಬದಲಾದ ಅರ್ಥದ ಲಾಭ ಯಾರಿಗೆ ಅಂತ ಕೇಳಬೇಕು. ನಮ್ಮೂರ ಹುಡುಗರು ದಿನಾ ಹರಿಹರ, ದಾವಣಗೆರೆಗೆ ಕೆಲಸಕ್ಕೆ ಹೋಗ್ತಾರೆ. ನಿಗದಿತ ಹೊತ್ತು ಮೀರಿ ದುಡಿದ ಕಾರ್ಮಿಕನಿಗೆ ಎರಡು ಪಟ್ಟು ಕೂಲಿ ಅಂತ 1948ರ ಕಾರ್ಖಾನೆ ಕಾಯ್ದೆಯೇ ಬರೆದಿಟ್ಟಿತ್ತು. ಅಂಥ ರೊಕ್ಕ ಕೇಳೋದು ಕಾಯಕಕ್ಕೆ ಮಾಡಿದ ಅವಮಾನ ಅಲ್ಲ.

ಯಾರಾದರೂ ನಿಮಗೆ ಮಾರಯ್ಯನ ಮಾತು ಹೇಳಿದರೆ, ಅವರಿಗೆ ಲಕ್ಕಮ್ಮನ ಮಾತನ್ನೂ ನೆನಪಿಸ್ರಿ: ಹೆಚ್ಚಿಗೆ ತಗೊಂಡಿದ್ದನ್ನ ವಾಪಸ್ ಕೊಡಬೇಕು. ಮುಂದಿನ ವಾರ ಸಿಗೋಣ.