ಜಕ್ಕೂರಿನ ರನ್‌ವೇಯಲ್ಲಿ ತಿಳಿದ ಲೆಕ್ಕ

ಪಿಯುಸಿಯಲ್ಲಿ ನಾನು ಓದಿದ್ದು ಕಾಮರ್ಸ್. ಬೇಗ ಸಂಬಳ ತರುವ ಓದು ಹಾಸನದ ನಮ್ಮ ಮನೆಗೆ ಬೇಕಿತ್ತು. ಈಗ ಯಲಹಂಕದ ಸರಕು ಸಾಗಣೆ ಕಚೇರಿಯೊಂದರಲ್ಲಿ ಬಿಲ್ ಮಾಡುತ್ತೇನೆ, ರಾತ್ರಿ ಪಾಳಿ. ನಿದ್ದೆಗೆಟ್ಟು ವಿಮಾನ ಹತ್ತುವಂತಿಲ್ಲ. ಹಾಗಾಗಿ ವಾರದ ರಜೆಯ ದಿನ, ಅದೂ ಕೈಯಲ್ಲಿ ದುಡ್ಡಿದ್ದರೆ, ಜಕ್ಕೂರಿನಲ್ಲಿ ಸೆಸ್ನಾ ಹಾರಿಸುವುದನ್ನು ಕಲಿಯುತ್ತೇನೆ.

ವಿದ್ಯಾರ್ಥಿ ಪೈಲಟ್ ಲೈಸೆನ್ಸಿಗೆ 16 ವರ್ಷ ತುಂಬಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು. ತೊಡಕು ಬರುವುದು ಕಮರ್ಷಿಯಲ್ ಲೈಸೆನ್ಸಿಗೆ. 200 ಗಂಟೆಯ ಹಾರಾಟದ ಜೊತೆಗೆ ಪಿಯುಸಿ ಮಟ್ಟದ ಭೌತಶಾಸ್ತ್ರ, ಗಣಿತ ಪಾಸಾಗಿರಬೇಕು ಎಂಬುದು ನಾನು ಸೇರಿದಾಗಿನ ನಿಯಮ. ಮತ್ತೆ ಕಾಲೇಜಿಗೆ ಹೋಗಲು ನೌಕರಿ ಬಿಡಬೇಕು. ನೌಕರಿ ಬಿಟ್ಟರೆ ಹಾರಾಟವೂ ಇಲ್ಲ. ಕೈಹಿಡಿದದ್ದು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಜನ ಎನ್‌ಐಒಎಸ್ ಅನ್ನುವುದು ಇದನ್ನೇ. ಆಗಲೇ ಪಿಯುಸಿ ಆದವರು ಇಲ್ಲಿ ಈ ಎರಡು ವಿಷಯಗಳನ್ನಷ್ಟೇ ಕಟ್ಟಬಹುದು. ವರ್ಷಕ್ಕೆರಡು ಸಲ ಪರೀಕ್ಷೆ.

ಭೌತಶಾಸ್ತ್ರ ಮೊದಲ ಸಲ ಫೇಲಾಯಿತು. ಸೂತ್ರಗಳನ್ನು ಬಾಯಿಪಾಠ ಮಾಡಿದ್ದೆ, ಅಷ್ಟೆ. ಆಮೇಲೊಂದು ಏಪ್ರಿಲ್ ಮಧ್ಯಾಹ್ನ, ಬಿಸಿಲು 34 ಡಿಗ್ರಿ. ಬೆಳಿಗ್ಗೆ ಸಲೀಸಾಗಿ ಏಳುವ ವಿಮಾನ ಅಂದು ರನ್‌ವೇ ಬಿಡಲೊಲ್ಲದು. "ಯಾಕಮ್ಮಾ, ಹೇಳು ನೋಡೋಣ" ಅಂದರು ಇನ್‌ಸ್ಟ್ರಕ್ಟರ್. ಇಳಿದ ಮೇಲೆ ಹಾಳೆ ಕೊಟ್ಟು ನನ್ನಿಂದಲೇ ಲೆಕ್ಕ ಹಾಕಿಸಿದರು. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ. ಆ ಎತ್ತರಕ್ಕೆ ಪೈಲಟ್‌ಗಳು ಪ್ರಮಾಣವೆಂದು ಹಿಡಿಯುವ ಉಷ್ಣತೆ 9 ಡಿಗ್ರಿ. ಅಂದು ಅದಕ್ಕಿಂತ 25 ಡಿಗ್ರಿ ಹೆಚ್ಚು; ಡಿಗ್ರಿಗೆ 120 ಅಡಿಯಂತೆ ಇನ್ನೊಂದು 3000 ಅಡಿ. ಅಂದರೆ ರೆಕ್ಕೆಯ ಪಾಲಿಗೆ, ಎಂಜಿನ್ನಿನ ಪಾಲಿಗೆ ನಾವಿದ್ದದ್ದು 6000 ಅಡಿಯ ತೆಳುಗಾಳಿಯಲ್ಲಿ! ಆ ರಾತ್ರಿ ಊಟದ ಬಿಡುವಿನಲ್ಲಿ ಅನಿಲ ನಿಯಮಗಳ ಪಾಠ ಮತ್ತೆ ತೆರೆದೆ. ಈ ಸಲ ಬಾಯಿಪಾಠ ಬೇಕಾಗಲಿಲ್ಲ. ಗಾಳಿ ಅಡ್ಡ ಬೀಸಿದಾಗ ವಿಮಾನದ ಮೂತಿ ಎಷ್ಟು ತಿರುಗಿಸಬೇಕೆಂದು ನಾವು ಗೀಚುವ ತ್ರಿಕೋನವೇ ಗಣಿತ ಪುಸ್ತಕದ ವೆಕ್ಟರ್ ಎಂದು ಹೊಳೆದದ್ದೂ ಹೀಗೆಯೇ.

ಮುಂದಿನ ಅಕ್ಟೋಬರ್‌ನಲ್ಲಿ ಎರಡೂ ಪಾಸಾಯಿತು. ಈ ಪರೀಕ್ಷೆಗೆ ನೂರಕ್ಕೆ 33 ಸಾಕು. ಪೈಲಟ್ ಆಗಲು ಬರೆಯಬೇಕಾದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಪತ್ರಿಕೆಗಳಿಗೆ 70 ಬೇಕು. ಪಾಸಿಗಷ್ಟೇ ಓದಿದವರಿಗೆ ಅಲ್ಲಿ ಕಷ್ಟ.

ಕಾಮರ್ಸ್, ಆರ್ಟ್ಸ್ ಓದಿ ವಿಮಾನದ ಆಸೆ ಇಟ್ಟುಕೊಂಡಿರುವ ತಂಗಿ ತಮ್ಮಂದಿರಲ್ಲಿ ಒಂದು ಮಾತು. ಯಾವ ಫೀಸನ್ನೂ ಕಟ್ಟುವ ಮೊದಲು ಡಿಜಿಸಿಎ ಮಾನ್ಯತೆಯ ವೈದ್ಯರಲ್ಲಿ ಕ್ಲಾಸ್-2 ಮೆಡಿಕಲ್ ಮಾಡಿಸಿಕೊಳ್ಳಿ. ಭೌತಶಾಸ್ತ್ರಕ್ಕೆ ಪ್ರಾಕ್ಟಿಕಲ್ ಇರುತ್ತದೆ, ಅದಕ್ಕೆ ಖುದ್ದಾಗಿ ಹೋಗಲೇಬೇಕು. ಆ ದಿನಗಳಿಗೆ ನೌಕರಿಯ ರಜೆಯನ್ನು ಈಗಿನಿಂದಲೇ ಉಳಿಸಿಟ್ಟುಕೊಳ್ಳಿ.