ದುರಸ್ತಿಯ ಲೆಕ್ಕ ಯಾವ ಖಾತೆಗೆ?

ಬಳಸಿದ ವಸ್ತುಗಳ ಮಾರುಕಟ್ಟೆಯಲ್ಲಿ ಮಾರುವವನಿಗೆ ತಿಳಿದಿರುವಷ್ಟು ಕೊಳ್ಳುವವನಿಗೆ ತಿಳಿದಿರುವುದಿಲ್ಲ. ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆ ಕೊಟ್ಟು ಈ ಅಸಮತೆಯನ್ನು ವಿವರಿಸಿದರು. 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರಕ್ಕೆ ಪಾತ್ರರಾದ ಮೂವರಲ್ಲಿ ಅವರೂ ಒಬ್ಬರು. ಎಂ.ಎ. ತರಗತಿಯಲ್ಲಿ ಓದಿದ್ದ ಈ ಸಿದ್ಧಾಂತದ ನಿಜವಾದ ಅರ್ಥ ನನಗಾದದ್ದು ನಿವೃತ್ತಿಯ ನಂತರ, ಎಂಟು ಸಾವಿರ ರೂಪಾಯಿ ಕೊಟ್ಟು ಬಾಗಿದ ಹ್ಯಾಂಡಲ್ಲಿನ, ತೆಳು ಟೈರಿನ ಹಳೆಯ ‘ರೋಡ್ ಬೈಕ್’ ಒಂದನ್ನು ಮನೆಗೆ ತಂದಾಗ. ಸ್ಪ್ಯಾನರ್ ಹಿಡಿದು ಅಭ್ಯಾಸವಿಲ್ಲದ ಕೈ ನನ್ನದು. ಆದರೂ ಅದನ್ನು ಸ್ವತಃ ಸರಿಪಡಿಸಬೇಕೆಂದು ನಿಶ್ಚಯಿಸಿದೆ.

ಹಳೆಯ ಸೈಕಲ್ ಕೊಳ್ಳುವವರು ಮೊದಲು ನೋಡಬೇಕಾದದ್ದು ಫ್ರೇಮನ್ನು. ಹ್ಯಾಂಡಲ್ ಕೆಳಗಿನ ಕೊಳವೆಗಳ ಕೂಡುಭಾಗದಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ, ಅದು ಎಲ್ಲೋ ಗುದ್ದಿಸಿಕೊಂಡಿರಬಹುದು. ಸೀಟಿನ ಕಂಬ ತುಕ್ಕು ಹಿಡಿದು ಒಳಗೇ ಕಚ್ಚಿಕೊಂಡಿದ್ದರೂ ಯೋಚಿಸಬೇಕು. ಉಳಿದ ಬಹುತೇಕ ದೋಷಗಳು ಹಣಕ್ಕೋ ಶ್ರಮಕ್ಕೋ ಬಗ್ಗುತ್ತವೆ.

ಚೈನಿನ ಪರೀಕ್ಷೆಗೆ ಒಂದು ಸ್ಕೇಲು ಸಾಕು. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು; ಅಂದರೆ ಇಪ್ಪತ್ತನಾಲ್ಕು ಕೊಂಡಿಗಳು ಸರಿಯಾಗಿ 12 ಇಂಚು. ಸವೆದು 1/16 ಇಂಚು ಹೆಚ್ಚಾಗಿದ್ದರೆ ಚೈನನ್ನು ಬದಲಿಸಬೇಕು. ಅದನ್ನು ಕಡೆಗಣಿಸಿ 1/8 ಇಂಚಿನವರೆಗೆ ಬಿಟ್ಟರೆ ಹಿಂಬದಿಯ ಹಲ್ಲುಚಕ್ರಗಳೂ ಸವೆದಿರುತ್ತವೆ, ಖರ್ಚು ಹಲವು ಪಟ್ಟಾಗುತ್ತದೆ. ಸಕಾಲದ ನಿರ್ವಹಣೆ ಬಂಡವಾಳವನ್ನು ಉಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಪಾಠ ಬೇಕಿಲ್ಲ.

ಎಡ ಪೆಡಲ್ಲಿನ ತಿರುಪು ವಿರುದ್ಧ ದಿಕ್ಕಿನದು. ತುಳಿಯುವಾಗ ತಾನಾಗಿ ಸಡಿಲಗೊಳ್ಳದಿರಲೆಂದೇ ಈ ಏರ್ಪಾಡು. ಸ್ಪ್ಯಾನರನ್ನು ಮೇಲ್ಮುಖವಾಗಿ ನಿಲ್ಲಿಸಿ ಸೈಕಲ್ಲಿನ ಹಿಂಬದಿಗೆ ಎಳೆದರೆ ಎರಡೂ ಪೆಡಲ್ಲುಗಳು ಬಿಚ್ಚಿಕೊಳ್ಳುತ್ತವೆ. ಟೈರಿನ ವಿಷಯದಲ್ಲಿಯೂ ಎಚ್ಚರ ಬೇಕು. ಹಾಲಿನವರ ಹಳೆಯ 28 ಇಂಚಿನ ಸೈಕಲ್ಲಿನ ರಿಮ್ಮಿಗೆ ಟೈರು ಕೂರುವ ವ್ಯಾಸ 635 ಮಿಲಿಮೀಟರ್. ರೋಡ್ ಬೈಕಿನದು ಸಾಮಾನ್ಯವಾಗಿ 622. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಈ ಸಂಖ್ಯೆಯನ್ನು ನೋಡಿಯೇ ಕೊಳ್ಳಬೇಕು.

ಸೀಮೆಎಣ್ಣೆ ಈಗ ಸುಲಭವಾಗಿ ಸಿಗದ ಕಾರಣ ಡೀಸೆಲ್ಲಿನಲ್ಲಿ ಭಾಗಗಳನ್ನು ತೊಳೆದೆ. ಹಿಂದಿನ ಚಕ್ರದ ಆಕ್ಸಲ್ ಬಿಚ್ಚಿದಾಗ ಪಕ್ಕಕ್ಕೆ ಒಂಬತ್ತರಂತೆ ಹದಿನೆಂಟು ಉಕ್ಕಿನ ಗುಂಡುಗಳು ಹೊರಬಂದವು. ಹೊಳಪು ಕಳೆದುಕೊಂಡಿದ್ದ ಅವುಗಳನ್ನು ಬದಲಿಸಿ, ಗ್ರೀಸ್ ತುಂಬಿ, ಚಕ್ರ ಅಲುಗಾಡದಂತೆಯೂ ಬಿಗಿಯದಂತೆಯೂ ಕೋನ್ ಕೂರಿಸಲು ಒಂದು ಮಧ್ಯಾಹ್ನವೇ ಹಿಡಿಯಿತು. ಚಕ್ರದ ಬೆಂಡು ತೆಗೆಯುವುದು ಮಾತ್ರ ಅನುಭವಿಗಳ ಕೆಲಸ. ಬಡಾವಣೆಯ ಮೂಲೆಯಲ್ಲಿ ಸೈಕಲ್ ಶಾಪ್ ನಡೆಸುವ ಹಿರಿಯರೊಬ್ಬರು ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ, ನಾದದಿಂದಲೇ ಸಡಿಲವಾದದ್ದನ್ನು ಗುರುತಿಸಿದರು. ‘ಹುಡುಗರು ಯಾರೂ ಈ ಕೆಲಸ ಕಲಿಯೋಕೆ ಬರಲ್ಲ ಸಾರ್’ ಎಂದರು. ಅವರು ಕೇಳಿದ ಕೂಲಿ ನೂರೈವತ್ತು ರೂಪಾಯಿ.

ಚೈನು, ಟೈರು, ಟ್ಯೂಬು, ಬ್ರೇಕಿನ ರಬ್ಬರು, ಕೇಬಲ್ಲು, ಕೂಲಿ ಎಲ್ಲ ಸೇರಿ ಸುಮಾರು ನಾಲ್ಕೂವರೆ ಸಾವಿರ ರೂಪಾಯಿ ಖರ್ಚಾಯಿತು. ಅದರ ಮೇಲೆ ನಲವತ್ತು ಗಂಟೆಗಳ ನನ್ನ ಶ್ರಮ. ಈ ಗಂಟೆಗಳಿಗೆ ಕೂಲಿ ಕಟ್ಟಿದರೆ ಲಾಭ ಕರಗಿಹೋಗುತ್ತದೆ ಎಂದು ಲೆಕ್ಕಿಗರು ಹೇಳಿಯಾರು. ಹೊಸ ಸೈಕಲ್ ತಯಾರಾದರೆ ರಾಷ್ಟ್ರೀಯ ಉತ್ಪನ್ನ ಏರುತ್ತದೆ. ಮನೆಯಲ್ಲಿ ಹಳೆಯದಕ್ಕೆ ಜೀವ ಕೊಟ್ಟ ಶ್ರಮ ಆ ಲೆಕ್ಕಕ್ಕೆ ಸೇರುವುದೇ ಇಲ್ಲ. ಲೆಕ್ಕಕ್ಕೆ ಸೇರದ್ದಕ್ಕೆ ಬೆಲೆಯೂ ಇಲ್ಲವೆಂದು ನಾವು ಭಾವಿಸಿರುವುದೇ ತೊಡಕು. ಆಡಳಿತದಲ್ಲಿಯೂ ಖರೀದಿಗೆ ಸಿಗುವ ಉತ್ಸಾಹ ನಿರ್ವಹಣೆಗೆ ಸಿಗುವುದಿಲ್ಲ. ಹೊಸ ಕಟ್ಟಡಕ್ಕೆ ಶಿಲಾಫಲಕವಿರುತ್ತದೆ. ಸೋರುವ ಮಾಳಿಗೆಯನ್ನು ಸರಿಪಡಿಸಿದವರಿಗೆ ಫಲಕ ಹಾಕಿಸಿದ್ದನ್ನು ನನ್ನ ಸೇವಾವಧಿಯಲ್ಲಿ ನಾನು ಕಾಣಲಿಲ್ಲ.

ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈನಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿದಾಗ ಕೃಷಿ ಯಂತ್ರೋಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು ಹಾಗೂ ಮೋಟಾರು ವಾಹನಗಳನ್ನು ಆರಿಸಿಕೊಂಡಿತು. ಸೈಕಲ್ಲಿಗೆ ಅದರ ಅಗತ್ಯ ಅಷ್ಟಾಗಿ ಕಾಣದಿರಬಹುದು. ಅದರ ಪ್ರತಿಯೊಂದು ತಿರುಪೂ ಕಣ್ಣಿಗೆ ಕಾಣುತ್ತದೆ, ಬಿಡಿಭಾಗಗಳು ಸಿಗುತ್ತವೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಆದರೆ ಹಕ್ಕು ಮತ್ತು ಬಿಡಿಭಾಗ ಎರಡೂ ಇದ್ದು, ದುರಸ್ತಿ ಬಲ್ಲ ಕೈಗಳೇ ಇಲ್ಲವಾದರೆ ಪ್ರಯೋಜನವೇನು?

ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ವಿತರಣೆ ಆರಂಭಿಸಿತು. ದೂರದ ಶಾಲೆಗೆ ನಡೆದು ಹೋಗುತ್ತಿದ್ದ ಹೆಣ್ಣುಮಕ್ಕಳ ಪಾಲಿಗೆ ಅದರ ಮಹತ್ವವೇನೆಂದು ಹೇಳಬೇಕಾಗಿಲ್ಲ. ಇಂತಹ ಯಾವುದೇ ಯೋಜನೆಯಲ್ಲಿ ಸೈಕಲ್ಲಿನೊಂದಿಗೆ ಎರಡು ಸ್ಪ್ಯಾನರ್, ಒಂದು ಪಂಕ್ಚರ್ ಡಬ್ಬಿ, ಊರಿನ ಸೈಕಲ್ ಶಾಪಿನವರಿಂದಲೇ ನಾಲ್ಕು ದಿನಗಳ ಪಾಠ, ಆ ಪಾಠಕ್ಕೆ ಅವರಿಗೊಂದು ಗೌರವಧನ — ಇಷ್ಟಿರಲಿ. ವೆಚ್ಚ ಅಲ್ಪ. ಮಗುವಿಗೆ ವಿದ್ಯೆ ದಕ್ಕುತ್ತದೆ, ಹಿರಿಯರ ಕಸುಬಿಗೆ ವಾರಸುದಾರರು ಸಿಗುತ್ತಾರೆ.